ಗುರುವಾರ ಎಲ್ಲರಿಗೂ ಓದಿದ ಕಾಗದ

ಗೊವೆರ್ನೊಲೊ, ಇಟಲಿ
11-8-1980

ಪ್ರೀತಿಯ ಇವರಿಗೆ,

ಕ್ಷೇಮ ಸಮಾಚಾರವೆಲ್ಲ ಕಡೆಗಿರಲಿ. ಮೊದಲು ಇದನ್ನು ಓದಿ. ನಿನ್ನೆ ಭಾನುವಾರ ನಿಮ್ಮ ಹೆಂಡತಿ ಬೆಳಿಗ್ಗೆ ಹೊರಟು ಸಂಜೆಯವರೆಗೆ ಸೈಕಲ್ ಹೊಡೆದಿದ್ದಾಳೆ, ಒಂದು ಸಲವೂ ಬೀಳದೆ. ಬಹರೇನಿನಲ್ಲಿ ಬುದಯ್ಯದ ಖರ್ಜೂರದ ತೋಟದ ದಾರಿಯಲ್ಲಿ ಶುಕ್ರವಾರ ಶುಕ್ರವಾರ ನೀವು ಸೀಟು ಹಿಡಿದುಕೊಂಡು ಹಿಂದಿನಿಂದ ಓಡಿ ಕಲಿಸಿದ ವಿದ್ಯೆ ಅದು. ಆಗ ನೀವು ನನ್ನನ್ನು ಬೈದದ್ದೆಲ್ಲ ನೆನಪುಂಟು. ನಿನ್ನೆ ಅದನ್ನೆಲ್ಲ ಮಾಫಿ ಮಾಡಿದ್ದೇನೆ.

ಇದು ನಮ್ಮ ಯಜಮಾನಿ ಸಿನ್ಯೋರಾರ ತಾಯಿಯ ಮನೆ. ಸುತ್ತ ಹೊಲ, ಪಕ್ಕದಲ್ಲೇ ನದಿ. ಅಜ್ಜಿಗೆ ಇಲ್ಲಿ ನೊನ್ನಾ ಅನ್ನುತ್ತಾರೆ. ನೊನ್ನಾರ ಹಟ್ಟಿಯಲ್ಲಿ ದನಗಳಿಗಿಂತ ಸೈಕಲುಗಳೇ ಜಾಸ್ತಿ. ಎಂಜಿನಿಯರ್ ಧಣಿಗಳು ಅವಕ್ಕೆ ಎಣ್ಣೆ ಬಿಟ್ಟು, ಗಾಳಿ ಹೊಡೆದು, ಒಂದನ್ನು ನನಗೂ ಕೊಟ್ಟರು. ಬಹರೇನಿನಲ್ಲಿ ಕರೆದರೆ ತಿರುಗಿ ನೋಡದ ಮನುಷ್ಯ ಇಲ್ಲಿ ಬಂದ ಮೇಲೆ ಹಾಡು ಹೇಳುತ್ತಾರೆ. ಸೀರೆಯಲ್ಲಿ ಆಗುವುದಿಲ್ಲ ಅಂತ ಸಿನ್ಯೋರಾ ತಮ್ಮ ಪ್ಯಾಂಟು ಕೊಟ್ಟರು. ಹೌದು, ಪ್ಯಾಂಟು. ಹಾಕಿಕೊಂಡೆ. ಸೊಂಟಕ್ಕೆ ನಿಲ್ಲದೆ ಹಗ್ಗ ಬಿಗಿಯಬೇಕಾಯಿತು. ಕನ್ನಡಿ ನೋಡಿ ನಾನೇ ನಕ್ಕು ಸುಸ್ತಾದೆ. ನಮ್ಮಮ್ಮ ನೋಡಿದ್ದರೆ ಎರಡನೆಯ ಸಲ ಮನೆಯಿಂದ ಹೊರಗೆ ಹಾಕುತ್ತಿದ್ದಳು.

ಧಣಿಗಳು ಮುಂದೆ, ಅವರ ಸೈಕಲಿನ ಮುಂದಿನ ಪುಟ್ಟ ಸೀಟಿನಲ್ಲಿ ಮಗಳು ಪಾವೊಲಾ, ಆಮೇಲೆ ಸಿನ್ಯೋರಾ, ಕಡೆಗೆ ನಾನು. ನೊನ್ನಾ ಕೂಡ ಸೇರಿಕೊಂಡರು ಅಂದರೆ ನಂಬುತ್ತೀರಾ? ಎಪ್ಪತ್ತು ದಾಟಿದ ಹೆಂಗಸು, ಕಪ್ಪು ಲಂಗ, ಹ್ಯಾಂಡಲಿಗೆ ನೇತುಹಾಕಿದ ಬ್ರೆಡ್ಡಿನ ಚೀಲ. ಇಲ್ಲಿ ಪಾದ್ರಿಗಳೂ ನಿಲುವಂಗಿಯಲ್ಲೇ ಸೈಕಲ್ ಹೊಡೆಯುತ್ತಾರೆ.

ಮೊದಲು ಪೊ ಎಂಬ ದೊಡ್ಡ ನದಿಯ ಸೇತುವೆ ದಾಟಿ ಸಾನ್ ಬೆನೆದೆತ್ತೊ ಎಂಬ ಊರಿಗೆ ಹೋದೆವು. ಊರು ಅಂದರೆ ಹಳೆಯ ಕಾಲದ ಒಂದು ಮಠ, ಅದರ ಇಗರ್ಜಿ, ಎದುರಿಗೆ ಅಂಗಳ, ಅಂಗಳದ ಸುತ್ತ ಮನೆ. ಪೂಜೆಗೆ ಕೂತೆವು. ಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದರು, ನಾನು ಏಳಲಿಲ್ಲ. ನೊನ್ನಾ ಮೊಣಕೈಯಲ್ಲಿ ತಿವಿದು ಏಳು ಅಂದರು. ಹೊಟ್ಟೆನೋವು ಅಂದೆ. ಆ ಹೊಟ್ಟೆನೋವಿನ ಹೆಸರು ಲೋಕಯ್ಯ ಅಂತ ಹೇಗೆ ಹೇಳುವುದು? ಆರು ವರ್ಷದ ಹಿಂದೆ ರಿಜಿಸ್ಟ್ರಾರ್ ಆಫೀಸಿನಲ್ಲಿ ನಿಮ್ಮ ಪಕ್ಕ ಸಹಿ ಹಾಕಿ ಮದುವೆಯಾದ ದಿನವೇ ನನಗೆ ಇಗರ್ಜಿಯ ಪ್ರಸಾದ ನಿಂತಿತು, ನಿಮಗೆ ನಿಮ್ಮ ಮನೆಯ ಮೆಟ್ಟಿಲು ನಿಂತಿತು. ನಾನು ಪಶ್ಚಾತ್ತಾಪ ಪಡುತ್ತೇನೆ ಅಂತ ತಿಳಿಯಬೇಡಿ. ಬೆಂಚಿನಲ್ಲಿ ಒಬ್ಬಳೇ ಕೂತಿರುವಾಗ ಸ್ವಲ್ಪ ಬೇಸರ ಆಯಿತು, ಅಷ್ಟೇ.

ಆಮೇಲೆ ನದಿಯ ದಂಡೆಯ ಮೇಲಿನ ದಾರಿ. ನೆರೆ ಬಾರದಂತೆ ಎತ್ತರಕ್ಕೆ ಮಣ್ಣು ಹಾಕಿ ಕಟ್ಟಿದ ದಂಡೆ, ಅದರ ಮೇಲೆ ಸೈಕಲ್. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಜೋಳ, ಕರಬೂಜ, ಸಾಲಾಗಿ ನೆಟ್ಟ ಮರಗಳು. ಮತ್ತೆ ಏನು ನೋಡಿದೆ ಗೊತ್ತಾ? ಗದ್ದೆ. ನಮ್ಮದೇ ಭತ್ತದ ಗದ್ದೆ, ನೀರು ನಿಂತದ್ದು, ಕೊಕ್ಕರೆ ಕೂತದ್ದು. ನಾನು ಬ್ರೇಕ್ ಹಿಡಿದು ಇಳಿದುಬಿಟ್ಟೆ. ಪಂಕ್ಚರ್ ಆಯಿತಾ ಅಂತ ಧಣಿಗಳು ವಾಪಸ್ಸು ಬಂದರು. ಇಲ್ಲ, ವಾಸನೆ ನೋಡುತ್ತಿದ್ದೇನೆ ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಿಮಗೆ ಆಗುತ್ತದೆ.

ಮಧ್ಯಾಹ್ನಕ್ಕೆ ಮಾಂತೋವಾ. ಮೂರು ಕಡೆಯಲ್ಲಿ ಕೆರೆ, ನಡುವೆ ಪಟ್ಟಣ. ಸೇತುವೆಯ ಮೇಲಿಂದ ನೋಡಿದರೆ ಗೋಪುರ, ಗುಮ್ಮಟ, ಅರಸರ ಅರಮನೆ ಎಲ್ಲ ನೀರಿನಿಂದಲೇ ಎದ್ದು ಬಂದ ಹಾಗೆ. ಒಳಗಿನ ಬೀದಿಗಳಿಗೆ ನದಿಯ ಉರುಟು ಕಲ್ಲು ಹಾಸಿದ್ದಾರೆ, ಸೈಕಲ್ ಹೊಡೆದರೆ ಹಲ್ಲು ಕಟಕಟ ಅನ್ನುತ್ತದೆ. ಅರಮನೆಯ ಕಂಬಗಳ ನೆರಳಿನಲ್ಲಿ ಊಟ. ಸಿಹಿಗುಂಬಳ ತುಂಬಿಸಿ ಬೇಯಿಸಿದ ಪುಟ್ಟ ಕಡುಬು, ಮೇಲೆ ಬೆಣ್ಣೆ. ಊಟಕ್ಕೆ ಯಾರು ಸಿಹಿ ತಿನ್ನುತ್ತಾರೆ ಮಾರಾಯ್ರೇ? ಒಂದು ಹಸಿಮೆಣಸು ಸಿಕ್ಕಿದ್ದರೆ ಧಣಿಗಳಿಗೆ ಕೈಮುಗಿಯುತ್ತಿದ್ದೆ.

ಹೊರಡುವಾಗ ಕೆರೆಯ ಹತ್ತಿರ ನಿಲ್ಲಿಸಿದರು. ಕೆರೆ ತುಂಬ ತಾವರೆ. ಕಣ್ಣು ಹೋದಷ್ಟು ದೂರ ಎಲೆ, ನಡುವೆ ಗುಲಾಬಿ ಬಣ್ಣದ ಹೂ. ಯಾರೋ ಒಬ್ಬಳು ಹುಡುಗಿ ಎಷ್ಟೋ ವರ್ಷದ ಹಿಂದೆ ದೂರದ ದೇಶದ ಗೆಡ್ಡೆ ತಂದು ಹಾಕಿದಳಂತೆ, ಈಗ ತೆಗೆದರೂ ಹೋಗುವುದಿಲ್ಲವಂತೆ.

ಇನ್ನು ನಿಮಗೆ ಮಾತ್ರ ಹೇಳುವ ಮಾತು. ವಾಪಸ್ಸು ಬರುವಾಗ ದಂಡೆಯ ಮೇಲೆ ಗಾಳಿ ಎದುರಿಗಿತ್ತು, ನಾನು ಹಿಂದೆ ಉಳಿದೆ. ನೀವು ಸೀಟು ಹಿಡಿದುಕೊಂಡಿದ್ದೀರಿ ಅಂತಲೇ ಅನಿಸಿ ತಿರುಗಿ ನೋಡಿದೆ. ಯಾರೂ ಇಲ್ಲ. ಅಳು ಬಂತು. ಎರಡು ವರ್ಷದಿಂದ ಒಂದೇ ಊರಿನಲ್ಲಿದ್ದೇವೆ, ನಿಮ್ಮ ಕಂಪೆನಿಯ ಗಂಡಸರ ಕ್ಯಾಂಪಿಗೆ ನಾನು ಬರುವ ಹಾಗಿಲ್ಲ, ಧಣಿಗಳ ಮನೆಗೆ ನೀವು ಬರುವ ಹಾಗಿಲ್ಲ, ಸಮುದ್ರದ ಬದಿಯಲ್ಲಿ ಭಿಕ್ಷುಕರ ಹಾಗೆ ಕೂತು ಏಳುತ್ತೇವೆ. ನನಗೆ ಸಾಕಾಗಿದೆ. ನನಗೆ ನಿಮ್ಮ ಪಕ್ಕ ಮಲಗಬೇಕು. ನಿಮ್ಮ ಮೈಯ ಗ್ರೀಸಿನ ವಾಸನೆ ಬೇಕು. ಸೆಪ್ಟೆಂಬರಿನಲ್ಲಿ ಬಂದ ಮೇಲೆ ಹಗಲು ಮಾತ್ರ ಕೆಲಸಕ್ಕೆ ಬಂದು ಹೋಗು ಅಂತ ಸಿನ್ಯೋರಾ ಒಪ್ಪಿದ್ದಾರೆ. ನಮಗಾಗಿ ನೋಡಿಟ್ಟ ಸೆಗಯಾದ ಕೋಣೆಯನ್ನು ಬೇರೆಯವರಿಗೆ ಕೊಡಬೇಡಿ ಅಂತ ಉಮ್ಮರ್ ಕುಂಞಿಯವರಿಗೆ ದಿನಾ ಹೇಳಿ.

ನಾನು ಕ್ಷೇಮ. ನೀವು ಸಮಯಕ್ಕೆ ಉಣ್ಣಿ.

ನಿಮ್ಮ
ಕ್ಲೊಟಿಲ್ಡಾ


ಮೀನಾ ಸಲ್ಮಾನ್, ಬಹರೇನ್
29-8-1980

ಪ್ರೀತಿಯ ಕ್ಲೊಟಿ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಅದು ಈಗ ನನ್ನ ಹತ್ತಿರ ಇಲ್ಲ. ಬೈಯಬೇಡ, ಜಾರ್ಜನ ಹತ್ತಿರ ಉಂಟು. ಅವನ ಹತ್ತಿರ ಬರುವ ಮೊದಲು ಅಡಿಗೆಯವನ ಹತ್ತಿರ ಇತ್ತು. ನಿನ್ನ ಇಟಲಿ ನಮ್ಮ ಕ್ಯಾಂಪಿನಲ್ಲಿ ಬಾಡಿಗೆ ಸೈಕಲಿನ ಹಾಗೆ ಓಡಾಡುತ್ತಿದೆ.

ಆದದ್ದು ಹೀಗೆ. ಗುರುವಾರ ಸಂಜೆ ಊಟವಾದ ಮೇಲೆ ಇಲ್ಲಿ ಕಾಗದ ಓದುವ ಪದ್ಧತಿ ನಿನಗೆ ಗೊತ್ತುಂಟು. ಅಕ್ಷರ ಬಾರದವರ ಮನೆಯ ಕಾಗದ ಎಲ್ಲ ನಾನೇ ಓದುವುದು. ಯಾರ ಹೆಂಡತಿಗೆ ಸೊಂಟನೋವು, ಯಾರ ಅತ್ತೆ ಏನು ಬೈದಳು, ಎಲ್ಲ ನನ್ನ ಬಾಯಿಯಿಂದಲೇ ಬಂದದ್ದು. ಈ ಸಲ ನನಗೆ ಕಾಗದ ಬಂತು ಅಂತ ತಿಳಿದು ಮುಂಡಪ್ಪ ಎದ್ದು ನಿಂತ. “ನಮ್ಮ ಹೆಂಡತಿಯರ ಕಾಗದ ಎಲ್ಲ ನೀನು ಓದಿದ್ದಿ. ನಿನ್ನ ಹೆಂಡತಿಯ ಕಾಗದ ನಾವು ಕೇಳಬಾರದಾ? ಇದು ಎಲ್ಲಿಯ ನ್ಯಾಯ ಮಾರಾಯ?” ಅಂದ. ಎಲ್ಲರೂ ಹೌದು ಹೌದು ಅಂದರು.

ಓದಿದೆ. ಕ್ಲೊಟಿ, ಇಡೀ ಹಾಲ್ ಹತ್ತಿರ ಬಂದು ಕೂತಿತು. ಪ್ಯಾಂಟಿನ ವಿಷಯ ಬಂದಾಗ ನಕ್ಕದ್ದು ಹೊರಗೆ ವಾಚ್‌ಮ್ಯಾನಿಗೂ ಕೇಳಿತು. ಗದ್ದೆಯ ಜಾಗವನ್ನು ಎರಡು ಸಲ ಓದಿಸಿದರು. ಜಾರ್ಜ್ ಅರಮನೆಗೆ ಎಷ್ಟು ಮಹಡಿ ಅಂತ ಕೇಳುತ್ತಾನೆ, ಅಡಿಗೆಯವ ಕಡುಬಿಗೆ ಅಕ್ಕಿಯಾ ಮೈದಾವಾ ಅಂತ ಕೇಳುತ್ತಾನೆ. ಬರೆದು ತಿಳಿಸು. ಸೆಗಯಾದಿಂದ ಉಮ್ಮರ್ ಕುಂಞಿಯೂ ಬಂದಿದ್ದರು. ತಾವರೆಯ ಕೆರೆ ಕೇಳಿ, “ಲೋಕಯ್ಯಾ, ನಿನ್ನ ಹೆಂಡತಿ ನಮ್ಮನ್ನೆಲ್ಲ ಒಂದು ದಿನ ಹೊರಗೆ ಕರೆದುಕೊಂಡು ಹೋದಳು” ಅಂದರು. ನನಗೆ ಎದೆ ಉಬ್ಬಿತು.

ಕಡೆಯ ಮಾತುಗಳನ್ನು ನಾನು ಓದಲಿಲ್ಲ, ಮುಗಿಯಿತು ಅಂತ ಮಡಚಿದೆ. ಪುಟ ಇನ್ನೂ ಉಂಟು ಅಂತ ಮುಂಡಪ್ಪ ಕಸಿದುಕೊಂಡ. ಅವನು ಮೂರನೆಯ ಕ್ಲಾಸಿನವ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಗ್ರೀಸಿನ ತನಕ ಬಂದು ಅವನೇ ನಿಲ್ಲಿಸಿದ. ಈಗ ಕೆಲವರು ನನ್ನನ್ನು ಗ್ರೀಸ್ ಅಂತ ಕರೆಯುತ್ತಾರೆ. ತಮಾಷೆಗೆ, ಕೆಟ್ಟ ಮನಸ್ಸಿನಿಂದ ಅಲ್ಲ. ಎಲ್ಲರೂ ನಮ್ಮವರೇ ಅಲ್ಲವಾ.

ಕೋಣೆಯ ಚಿಂತೆ ಬೇಡ. ಉಮ್ಮರ್ ಕುಂಞಿಯವರ ಚಾ ಅಂಗಡಿಯ ಮೇಲೆ, ತಾರಸಿಯಲ್ಲಿ. ಕಳೆದ ಶುಕ್ರವಾರ ಸುಣ್ಣ ಬಳಿದೆ. ಕ್ಯಾಂಪಿನ ಹೊರಗೆ ಇರುವುದಕ್ಕೆ ನಮ್ಮ ಮ್ಯಾನೇಜರ್ ಮುದೀರ್ ಒಪ್ಪಿದ್ದಾನೆ. ಒಂದು ಸ್ಟೌ ತೆಗೆದಿದ್ದೇನೆ. ಕಿಟಕಿಯಿಂದ ಏನೂ ಕಾಣುವುದಿಲ್ಲ, ಪಕ್ಕದ ಮನೆಯ ನೀರಿನ ಟ್ಯಾಂಕಿ ಕಾಣುತ್ತದೆ. ಆದರೂ ನಮ್ಮದು.

ಇಂಥದೇ ಇನ್ನೊಂದು ಕಾಗದ ಬರೆ. ಎಲ್ಲರೂ ಕಾಯುತ್ತಿದ್ದಾರೆ.

ನಿನ್ನ
ಲೋಕಯ್ಯ


ಗೊವೆರ್ನೊಲೊ
22-9-1980

ಶ್ರೀ ಲೋಕಯ್ಯನವರಿಗೆ ಮತ್ತು ಕ್ಯಾಂಪಿನ ಸಮಸ್ತರಿಗೆ ನಮಸ್ಕಾರಗಳು.

ನೀವು ಬರೆದದ್ದು ಓದಿದೆ. ಎರಡು ದಿನ ನನಗೆ ಊಟ ಸೇರಲಿಲ್ಲ. ಬೇರೆಯವರ ಎದುರು ನನ್ನ ಬಟ್ಟೆ ಬಿಚ್ಚಿದ ಹಾಗಾಯಿತು. ನೀವು ಓದಲಿಲ್ಲ, ಮುಂಡಪ್ಪ ಓದಿದ, ಸರಿ. ಆದರೆ ನೀವು ಅದನ್ನು ನಗುತ್ತಾ ಬರೆದಿದ್ದೀರಿ. ನನಗೆ ಅದೇ ಸಹಿಸಲಿಕ್ಕೆ ಆಗಲಿಲ್ಲ. ಇದನ್ನೂ ಗುರುವಾರ ಓದುತ್ತೀರಾದರೆ ಓದಿ.

ಜಾರ್ಜರಿಗೆ ಹೇಳಿ, ಅರಮನೆಯ ಮಹಡಿ ಎಣಿಸಲಿಲ್ಲ. ಅಡಿಗೆಯವರಿಗೆ ಹೇಳಿ, ಕಡುಬಿಗೆ ಮೈದಾ ಮತ್ತು ಮೊಟ್ಟೆ.

ಇಲ್ಲಿಯ ಸಮಾಚಾರ. ಸಿನ್ಯೋರಾ ಬಸಿರಿ. ಧಣಿಗಳಿಗೆ ಈ ದೇಶದಲ್ಲೇ ಬೇರೆ ಕೆಲಸವಾಗಿದೆ, ಬಹರೇನಿಗೆ ಇನ್ನು ಬರುವುದಿಲ್ಲ. ಬುದಯ್ಯದ ಮನೆ ಬಿಟ್ಟಾಯಿತಂತೆ. ನನ್ನ ವೀಸಾ ಜನವರಿ ಕೊನೆಯವರೆಗೆ ನಡೆಯುತ್ತದೆ, ಅಷ್ಟರೊಳಗೆ ಬಂದರೆ ಒಳಗೆ ಬಿಡುತ್ತಾರೆ, ಆಮೇಲೆ ಇಲ್ಲ. ಇಲ್ಲಿ ನಿಲ್ಲುತ್ತೀಯಾದರೆ ಇಲ್ಲಿಯ ಕಾಗದಪತ್ರ ಮಾಡಿಸುತ್ತೇವೆ, ಹೋಗುತ್ತೀಯಾದರೆ ಟಿಕೆಟ್ ತೆಗೆಯುತ್ತೇವೆ ಅಂತ ಧಣಿಗಳು ಹೇಳಿದ್ದಾರೆ. ಅವರು ಒಳ್ಳೆಯವರೇ.

ಪಾವೊಲಾ ಮಾತ್ರ ದಿನಾ ನನ್ನ ಲಂಗ ಹಿಡಿದುಕೊಂಡು ಕೇಳುತ್ತಾಳೆ, ಹಿಮ ಬೀಳುವಾಗ ನೀನು ಇಲ್ಲೇ ಇರುತ್ತೀಯಾ ಅಂತ. ನಾನು ಇನ್ನೂ ಏನೂ ಹೇಳಿಲ್ಲ. ಅವಳಿಗೆ ಏನು ಹೇಳಬೇಕು ಅಂತ ನೀವೇ ಯೋಚನೆ ಮಾಡಿ ಬರೆಯಿರಿ. ನೀವು ಬರೆದ ಹಾಗೆಯೇ ಹೇಳುತ್ತೇನೆ.

ಇಷ್ಟು ಜನರ ಎದುರಿಗೆ ಇದಕ್ಕಿಂತ ಹೆಚ್ಚು ಬರೆಯುವುದಕ್ಕೆ ನನಗೆ ಬರುವುದಿಲ್ಲ.

ಕ್ಲೊಟಿಲ್ಡಾ


ಮೀನಾ ಸಲ್ಮಾನ್
17-10-1980

ಪ್ರೀತಿಯ ಕ್ಲೊಟಿಲ್ಡಾಳಿಗೆ ಆಶೀರ್ವಾದ.

ಅಕ್ಷರ ನೋಡಿ ಹೆದರಬೇಡ. ಬರೆಯುವವನು ಮುಂಡಪ್ಪ, ಹೇಳುವವನು ನಾನು. ನನ್ನ ಕೈಗೆ ವರ್ಕ್‌ಶಾಪಿನ ಲೇಥ್ ಯಂತ್ರದಲ್ಲಿ ಸ್ವಲ್ಪ ತಾಗಿದೆ. ಬ್ಯಾಂಡೇಜು ಕಟ್ಟಿದ್ದಾರೆ. ಬೇಗ ಗುಣವಾಗುತ್ತದೆ.

ನಿನ್ನ ಕಾಗದ ಯಾರಿಗೂ ಓದಲಿಲ್ಲ.

ಪಾವೊಲಾಳಿಗೆ ಇರುತ್ತೇನೆ ಅಂತ ಹೇಳು. ಸಣ್ಣ ಮಗುವಿನ ಮನಸ್ಸು ನೋಯಿಸಬಾರದು. ಸಿನ್ಯೋರಾ ಬಸಿರಿ ಅಂತ ಬರೆದಿದ್ದಿ, ಅವರನ್ನು ಈ ಹೊತ್ತಿನಲ್ಲಿ ಬಿಟ್ಟು ಬರುವುದು ಸರಿಯಲ್ಲ. ಇಲ್ಲಿ ಅವಸರ ಏನೂ ಇಲ್ಲ. ನನಗೂ ಓವರ್‌ಟೈಮ್ ಜಾಸ್ತಿ. ನೀನು ಅಲ್ಲೇ ಇರುವುದು ಒಳ್ಳೆಯದು. ಚಳಿಗೆ ಮೈ ಮುಚ್ಚಿಕೊಂಡಿರು.

ಬೇರೆ ವಿಶೇಷ ಇಲ್ಲ.

ಲೋಕಯ್ಯ

ಅತ್ತಿಗೆಯವರಿಗೆ ಮುಂಡಪ್ಪನ ನಮಸ್ಕಾರ. ಅವತ್ತಿನ ವಿಷಯಕ್ಕೆ ಸಿಟ್ಟು ಮಾಡಬೇಡಿ. ನಾನು ಬರುವ ತಿಂಗಳು ರಜೆಯಲ್ಲಿ ಊರಿಗೆ ಹೋಗುತ್ತೇನೆ.


ಗೊವೆರ್ನೊಲೊ
10-11-1980

ಲೋಕಯ್ಯನವರಿಗೆ,

ನೀವು ಹೇಳಿಸಿ ಬರೆಸಿದ್ದು ತಲುಪಿತು. ಪಾವೊಲಾಳಿಗೆ ಇರುತ್ತೇನೆ ಅಂತ ಹೇಳಿದೆ. ಅವಳು ಕುಣಿದಳು. ಸಿನ್ಯೋರಾ ನನ್ನನ್ನು ಅಪ್ಪಿಕೊಂಡರು. ಎಲ್ಲರಿಗೂ ಸಂತೋಷ.

ಕೈಗೆ ಸ್ವಲ್ಪ ತಾಗಿದ್ದು ಅಂದಿರಿ. ಬರೆಯಲಾರದಷ್ಟು ತಾಗಿದ್ದು ಸ್ವಲ್ಪ ಹೇಗೆ ಆಗುತ್ತದೆ? ಅಥವಾ ಸ್ವಂತ ಕೈಯಿಂದ ನನಗೆ ಬರೆಯುವಂಥದ್ದು ನಿಮ್ಮ ಹತ್ತಿರ ಏನೂ ಇಲ್ಲವೋ. ಅವಸರ ಏನೂ ಇಲ್ಲ ಅಂತ ಬರೆಸಿದಿರಿ. ಕೋಣೆಗೆ ಸುಣ್ಣ ಬಳಿದವರಿಗೆ ಎರಡೇ ತಿಂಗಳಲ್ಲಿ ಅವಸರ ಹೋಯಿತು. ಕ್ಯಾಂಪಿನವರು ಗ್ರೀಸ್ ಗ್ರೀಸ್ ಅಂತ ಚುಡಾಯಿಸಿ ನಿಮಗೆ ನಾನು ನಾಚಿಕೆಯಾಗಿ ಬಿಟ್ಟೆನೋ ಏನೋ. ಪ್ಯಾಂಟು ಹಾಕಿ ಊರೂರು ಸುತ್ತುವ ಹೆಂಗಸು ಅಂತ ಯಾರಾದರೂ ಅಂದಿರಬಹುದು.

ಒಂದು ವಿಷಯ ತಿಳಿಸಬೇಕು. ಇಲ್ಲಿಯ ಪಾದ್ರಿಗಳ ಹತ್ತಿರ ಎಲ್ಲ ಹೇಳಿದೆ. ಇಗರ್ಜಿಯಲ್ಲಿ ಆಗದ ಮದುವೆ ಮದುವೆಯೇ ಅಲ್ಲ, ಈಗ ನೀನು ಅವನಿಂದ ದೂರ ಇದ್ದಿ, ಪಾಪನಿವೇದನೆ ಮಾಡಿ ಪ್ರಸಾದ ತೆಗೆದುಕೊಳ್ಳಬಹುದು ಅಂದರು. ಸತ್ತವರ ಹಬ್ಬದ ದಿನ ನೊನ್ನಾರ ಜೊತೆ ಹೋಗಿ ತೆಗೆದುಕೊಂಡೆ. ಮನಸ್ಸಿಗೆ ಸಮಾಧಾನವಾಯಿತು. ಊರಿಗೆ ನಮ್ಮಮ್ಮನಿಗೂ ಬರೆದಿದ್ದೇನೆ.

ಇಲ್ಲಿ ಈಗ ದಿನವಿಡೀ ಮಂಜು, ಅಂಗಳದ ಬಾವಿ ಕಾಣುವುದಿಲ್ಲ. ಸೈಕಲುಗಳನ್ನು ಹಟ್ಟಿಯ ಅಟ್ಟಕ್ಕೆ ಕಟ್ಟಿದ್ದಾರೆ.

ಮುಂಡಪ್ಪನವರಿಗೆ ಊರಿನ ಪ್ರಯಾಣ ಸುಖವಾಗಲಿ.

ಕ್ಲೊಟಿಲ್ಡಾ


ಸೆಗಯಾ, ಬಹರೇನ್
3-1-1981

ಕ್ಲೊಟಿ,

ಇದು ನನ್ನ ಎಡಗೈ ಬರಹ. ಒಂದು ಸಾಲಿಗೆ ಒಂದು ಬೀಡಿ ಸೇದುವಷ್ಟು ಹೊತ್ತು ಬೇಕು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಉಮ್ಮರ್ ಕುಂಞಿಯವರ ಮೇಜಿನ ಮೇಲೆ ಸ್ವಲ್ಪ ಸ್ವಲ್ಪ ಬರೆದದ್ದು.

ಬಲಗೈಯ ಹೆಬ್ಬೆರಳು ಮತ್ತು ಕಿರುಬೆರಳು ಉಳಿದಿವೆ. ನಡುವಿನ ಮೂರು ಇಲ್ಲ. ಸೆಪ್ಟೆಂಬರ್ ಕೊನೆಯಲ್ಲಿ, ಲೇಥಿನಲ್ಲಿ ಕೈಗವಸು ಸಿಕ್ಕಿಕೊಂಡಿತು. ಅದನ್ನು ಹಾಕಿಕೊಂಡು ಲೇಥ್ ಮುಟ್ಟಬೇಡ ಅಂತ ಹೊಸಬರಿಗೆ ಹೇಳಿಕೊಡುವವನು ನಾನೇ. ನಿನ್ನ ಕಾಗದ ಬಂದದ್ದು ನಾನು ಆಸ್ಪತ್ರೆಯಲ್ಲಿರುವಾಗ. ಪಾವೊಲಾಳ ಹೆಸರಿನಲ್ಲಿ ನೀನು ಕೇಳಿದ್ದು ನನ್ನನ್ನೇ ಅಂತ ಓದುತ್ತಿದ್ದ ಹಾಗೆಯೇ ಗೊತ್ತಾಯಿತು. ನಿನ್ನ ಜೊತೆ ಬಾಳಿದವನಿಗೆ ಅಷ್ಟು ಗೊತ್ತಾಗುವುದಿಲ್ಲವಾ? ಗೊತ್ತಿದ್ದೇ ಇರು ಅಂತ ಬರೆಸಿದೆ. ಬಾ ಅಂದರೆ ನೀನು ಬರುತ್ತಿದ್ದಿ. ಬಂದು ಯಾರ ಮುಖ ನೋಡುತ್ತಿದ್ದಿ? ಲೇಥ್ ಮುಟ್ಟಲಾರದವನಿಗೆ ಕಂಪೆನಿ ವೀಸಾ ಇಡುವುದಿಲ್ಲ. ನನ್ನನ್ನು ವಾಪಸ್ಸು ಕಳಿಸುತ್ತಾರೆ ಅಂತ ಆಗಲೇ ಗೊತ್ತಿತ್ತು. ನೀನು ಬರುವುದು, ನಾನು ಹೋಗುವುದು, ಆಮೇಲೆ ನೀನು ಇಲ್ಲಿ ಯಾರೂ ಇಲ್ಲದೆ ನಿಲ್ಲುವುದು.

ಬೊಂಬಾಯಿಗೆ ಹೋಗಿ ಇಬ್ಬರೂ ಏನಾದರೂ ಮಾಡುವಾ ಅಂತ ಬರೆಯಬೇಕೆಂದು ಎಷ್ಟೋ ಸಲ ಅನಿಸಿತು. ಅಷ್ಟರಲ್ಲಿ ನಿನ್ನ ನವೆಂಬರಿನ ಕಾಗದ ಬಂತು. ಪ್ರಸಾದ ತೆಗೆದುಕೊಂಡೆ, ಸಮಾಧಾನವಾಯಿತು ಅಂತ ಬರೆದಿದ್ದಿ. ಆರು ವರ್ಷ ನನ್ನಿಂದಾಗಿ ಬೆಂಚಿನಲ್ಲಿ ಒಬ್ಬಳೇ ಕೂತವಳು ನೀನು. ನಿನಗೆ ಸಿಕ್ಕಿದ್ದನ್ನು ಇನ್ನೊಂದು ಸಲ ಕಸಿದುಕೊಳ್ಳುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ಮುಂಡಪ್ಪ ರಜೆಗೆ ಹೋದಾಗ ನಮ್ಮ ಮನೆಗೆ ಹೋಗಿ ನನ್ನ ಕೈಯ ವಿಷಯ ಹೇಳಿದ. ಅಮ್ಮ ಅತ್ತಳಂತೆ. ಬರಲಿ, ಆದರೆ ಆ ಹೆಂಗಸಿನ ಹೆಸರು ಈ ಮನೆಯಲ್ಲಿ ಎತ್ತಬಾರದು, ಅವಳ ಕಾಗದ ಬರಬಾರದು ಅಂತ ಅಣ್ಣ ಹೇಳಿ ಕಳಿಸಿದ್ದಾನೆ. ನಾನು ಒಪ್ಪಿದೆ. ಹೆದರಿಕೆಯಿಂದ ಒಪ್ಪಿದೆ ಕ್ಲೊಟಿ, ಬೇರೆ ಕಾರಣ ಇಲ್ಲ. ಲುಂಗಿ ಕಟ್ಟಿಕೊಳ್ಳಲಾರೆ, ಅನ್ನ ಕಲಸಲಾರೆ. ನಾನು ಬಹಳ ಧೈರ್ಯದವನು ಅಂತ ನೀನು ತಿಳಿದಿದ್ದಿ, ನಾನೂ ಹಾಗೆಯೇ ತಿಳಿದಿದ್ದೆ.

ಒಂಬತ್ತನೆಯ ತಾರೀಕಿಗೆ ವಿಮಾನ. ಕೋಣೆ ಬಿಟ್ಟುಕೊಟ್ಟಿದ್ದೇನೆ, ಕಾಸರಗೋಡಿನ ಕಡೆಯ ಒಂದು ಸಂಸಾರ ಬಂದಿದೆ, ಆಗಲೇ ಮಗುವಿನ ತೊಟ್ಟಿಲು ಕಟ್ಟಿದ್ದಾರೆ. ನಾನು ಹೋದ ಮೇಲೆಯೇ ಇದನ್ನು ಅಂಚೆಗೆ ಹಾಕಿ ಅಂತ ಉಮ್ಮರ್ ಕುಂಞಿಯವರಿಗೆ ಹೇಳುತ್ತೇನೆ. ಮೊದಲೇ ತಲುಪಿದರೆ ನೀನು ತಡೆಯುತ್ತಿ, ನಾನು ನಿಲ್ಲುತ್ತೇನೆ, ಆಮೇಲೆ ಇಬ್ಬರೂ ಮುಳುಗುತ್ತೇವೆ.

ಊರಿಗೆ ಬರೆಯಬೇಡ.

ಲೋಕಯ್ಯ


ಗೊವೆರ್ನೊಲೊ
5-1-1981

ನನ್ನ ಇವರಿಗೆ,

ಕ್ಯಾಂಪಿನ ವಿಳಾಸ ಬಿಟ್ಟು ಉಮ್ಮರ್ ಕುಂಞಿಯವರ ಅಂಗಡಿಯ ವಿಳಾಸ ಹಾಕಿದ್ದೇನೆ. ನೀವೊಬ್ಬರೇ ಓದಬೇಕು ಅಂತ.

ನವೆಂಬರಿನ ಕಾಗದಕ್ಕೆ ನಿಮ್ಮ ಉತ್ತರ ಬರಲಿಲ್ಲ. ಯಾಕೆ ಅಂತ ನನಗೆ ಗೊತ್ತು. ನಾನು ಪ್ರಸಾದ ತೆಗೆದುಕೊಂಡದ್ದು ಸುಳ್ಳು. ಪಾದ್ರಿಗಳು ಹಾಗೆ ಹೇಳಿದ್ದು ನಿಜ, ಆದರೆ ಪಾಪನಿವೇದನೆ ಅಂದರೆ ನಿಮ್ಮನ್ನು ಕಟ್ಟಿಕೊಂಡದ್ದು ಪಾಪ ಅಂತ ನನ್ನ ಬಾಯಿಯಿಂದ ಬರಬೇಕು. ಬಾಯಿ ತೆರೆದೆ, ಬರಲಿಲ್ಲ. ಎದ್ದು ಬಂದೆ. ಮನೆಗೆ ಬಂದು ನಿಮಗೆ ನೋವಾಗಲಿ ಅಂತಲೇ ಹಾಗೆ ಬರೆದೆ. ನಿಮಗೆ ಸಿಟ್ಟು ಬಂದು ಎರಡು ಬೈದಾದರೂ ಬರೆಯುತ್ತೀರಿ ಅಂತ ಕಾದೆ. ಅಮ್ಮನಿಗೂ ಬರೆದಿಲ್ಲ.

ಕ್ರಿಸ್ಮಸ್ಸಿಗೆ ಹಿಮ ಬಿತ್ತು. ಪಾವೊಲಾ ಬೆಳಿಗ್ಗೆ ನನ್ನನ್ನು ಎಬ್ಬಿಸಿ ಕಿಟಕಿಗೆ ಎಳೆದುಕೊಂಡು ಹೋದಳು. ನೀನು ಇದ್ದಿ, ನೀನು ಇದ್ದಿ ಅಂತ ಕೂಗಿದಳು. ಆ ಮಗುವಿನ ಪಕ್ಕ ನಿಂತು ಹೊರಗೆ ನೋಡುತ್ತಾ, ನಾನು ಇಲ್ಲಿ ಯಾಕೆ ಇದ್ದೇನೆ ಅಂತ ಯೋಚಿಸಿದೆ. ಮಗುವಿನ ಬಾಯಿಯಿಂದ ಕೇಳಿಸಿದ್ದಕ್ಕೆ ನೀವು ಮಗುವಿಗೆ ಉತ್ತರ ಕೊಟ್ಟಿರಿ. ನಾನು ಬರಲಾ ಅಂತ ನಾನೇ ಕೇಳಬೇಕಿತ್ತು. ಕೇಳುವುದಕ್ಕೆ ಅಭಿಮಾನ ಅಡ್ಡ ಬಂತು. ಆ ಅಭಿಮಾನ ತಿಂದು ಈಗ ನನ್ನ ಹೊಟ್ಟೆ ತುಂಬಿದೆ.

ಅದಕ್ಕೆ ಈ ಸಲ ಕೇಳುವುದಿಲ್ಲ. ಬರುತ್ತೇನೆ. ಸಿನ್ಯೋರಾರಿಗೆ ಹೇಳಿದೆ, ಅತ್ತರು, ಒಪ್ಪಿದರು. ಅವರಿಗೆ ನೊನ್ನಾ ಇದ್ದಾರೆ. ವೀಸಾ ತಿಂಗಳ ಕೊನೆಯವರೆಗೆ ಇದೆಯಲ್ಲ, ಧಣಿಗಳು ರೋಮಿನಿಂದ ಟಿಕೆಟ್ ತೆಗೆದಿದ್ದಾರೆ, ಹತ್ತೊಂಬತ್ತನೆಯ ತಾರೀಕಿಗೆ ಹೊರಡುತ್ತೇನೆ. ಆಮೇಲೆ ಕೆಲಸಕ್ಕೆ ಬೇರೆ ಮನೆ ಹುಡುಕುವಾ. ನೀವು ಅಲ್ಲಿದ್ದೀರಿ, ಅಷ್ಟು ಧೈರ್ಯ ನನಗೆ ಸಾಕು.

ನಿಮ್ಮ ಕೈ ಗುಣವಾಗಿರಬಹುದು. ಆಗದಿದ್ದರೆ ಬಂದ ಮೇಲೆ ನಾನು ನೋಡಿಕೊಳ್ಳುತ್ತೇನೆ. ಸ್ಟೌ ತೆಗೆದಿದ್ದೇನೆ ಅಂತ ಬರೆದಿದ್ದಿರಿ, ಒಂದು ದೊಡ್ಡ ಪಾತ್ರೆ ಮತ್ತು ಎರಡು ಬಟ್ಟಲು ತೆಗೆದಿಡಿ, ಬೇರೆಲ್ಲ ಇಬ್ಬರೂ ಹೋಗಿ ತರುವಾ. ಕುಚ್ಚಲಕ್ಕಿ ಸಿಕ್ಕಿದರೆ ತಂದಿಡಿ. ನಾನು ಐದು ತಿಂಗಳಿಂದ ಗಂಜಿ ಕುಡಿದಿಲ್ಲ.

ಈ ಕಾಗದ ಮೊದಲು ತಲುಪುತ್ತದೋ ನಾನು ಮೊದಲು ತಲುಪುತ್ತೇನೋ ಗೊತ್ತಿಲ್ಲ. ರಜೆ ಕೇಳಿ ವಿಮಾನ ನಿಲ್ದಾಣಕ್ಕೆ ಬರಬೇಡಿ, ಮುದೀರ್ ತಕರಾರು ಮಾಡಿಯಾನು. ಮುಹರ್ರಕ್‌ನಿಂದ ಟ್ಯಾಕ್ಸಿ ಹಿಡಿದು ನಾನೇ ಸೆಗಯಾಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಕೇಳಿ, ಮೆಟ್ಟಿಲು ಹತ್ತಿ, ಬಾಗಿಲು ತಟ್ಟುತ್ತೇನೆ. ಒಳಗೆ ನೀವಿದ್ದರೆ ಸಾಕು.

ನಿಮ್ಮ
ಕ್ಲೊಟಿ